ಮಾರ್ಚ್ 8: ಮುಧೋಳ, ಜಮಖಂಡಿ ಸಂಸ್ಥಾನಗಳು ಮುಗಿದ ದಿನ

ಮಾರ್ಚ್ 8 ವರ್ಷದ 67ನೆಯ ದಿನ, ಅಧಿಕ ವರ್ಷದಲ್ಲಿ 68ನೆಯದು. ಜಗತ್ತಿನ ಲೆಕ್ಕದಲ್ಲಿ ಇದು ಅಂತಾರಾಷ್ಟ್ರೀಯ ಮಹಿಳಾ ದಿನ. ಈಗಿನ ಬಾಗಲಕೋಟೆ ಜಿಲ್ಲೆಯ ಪಡುವಣ ತಾಲ್ಲೂಕುಗಳಿಗೆ ಇದರಲ್ಲಿ ಇನ್ನೊಂದು ಪಾಲೂ ಇದೆ. 1948ರ ಮಾರ್ಚ್ 8ರಂದು ಮುಧೋಳದ ಘೋರ್ಪಡೆ ಮತ್ತು ಜಮಖಂಡಿಯ ಪಟವರ್ಧನ ಮನೆತನಗಳ ಆಳ್ವಿಕೆ ಮುಗಿದು, ಎರಡೂ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಕರಗಿದವು. ಅದು ಸೋಮವಾರ, ಪಂಚಾಂಗದಂತೆ ಸರ್ವಜಿತ್ ಸಂವತ್ಸರದ ಮಾಘ ಬಹುಳ. ನವೆಂಬರ್ 1ರ ರಾಜ್ಯೋತ್ಸವಕ್ಕೆ ಊರೂರಲ್ಲಿ ಬಾವುಟ ಏರುತ್ತದೆ, ಮೆರವಣಿಗೆ ಹೊರಡುತ್ತದೆ. ಮಾರ್ಚ್ 8ಕ್ಕೆ ಆ ಮರ್ಯಾದೆ ಸಿಕ್ಕಿಲ್ಲ. ಆದರೆ 1956ರ ನವೆಂಬರ್ 1ರಂದು ಮುಧೋಳ, ಜಮಖಂಡಿಗಳು ಮೈಸೂರು ರಾಜ್ಯಕ್ಕೆ ಬರಬೇಕಾದರೆ ಮೊದಲು ಅವು ಯಾವುದಾದರೂ ಜಿಲ್ಲೆಯೊಳಗಿನ ತಾಲ್ಲೂಕುಗಳಾಗಬೇಕಿತ್ತು. ಆ ಕೆಲಸ ನಡೆದದ್ದು ಈ ದಿನ.

ಒಂದೇ ತಾರೀಖಿಗೆ ಬಿದ್ದ ಘಟನೆಗಳೆಲ್ಲ ಒಂದಕ್ಕೊಂದು ಸಂಬಂಧಪಟ್ಟವಲ್ಲ. ಕೆಲವಕ್ಕೆ ನಿಜವಾದ ನಂಟಿದೆ, ಉಳಿದವು ಬರಿಯ ಕಾಕತಾಳೀಯ. ಈ ಲೇಖನ ನಂಟಿದ್ದವುಗಳ ಬಳಿ ಹೆಚ್ಚು ಹೊತ್ತು ನಿಲ್ಲುತ್ತದೆ.

1948: ಸಂಸ್ಥಾನಗಳ ವಿಲೀನ

1947ರ ಆಗಸ್ಟ್‌ನಲ್ಲಿ ಸಂಸ್ಥಾನಿಕರು ಸಹಿ ಹಾಕಿದ ಸೇರ್ಪಡೆ ಪತ್ರಕ್ಕೂ 1948ರ ವಿಲೀನಕ್ಕೂ ವ್ಯತ್ಯಾಸವಿದೆ. ಸೇರ್ಪಡೆಯಲ್ಲಿ ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಎಂಬ ಮೂರು ವಿಷಯಗಳು ಮಾತ್ರ ಭಾರತ ಸರ್ಕಾರದ ಕೈಗೆ ಹೋದವು. ಕಂದಾಯ, ನ್ಯಾಯ, ಪೊಲೀಸು, ಶಾಲೆ ಎಲ್ಲ ಅರಸರಲ್ಲೇ ಉಳಿದವು. ಹೀಗಾಗಿ ಸ್ವಾತಂತ್ರ್ಯ ಬಂದ ಮೇಲೂ ಏಳು ತಿಂಗಳ ಹತ್ತಿರ ಮುಧೋಳದ ರೈತ ಕಂದಾಯ ಕಟ್ಟಿದ್ದು ಘೋರ್ಪಡೆ ಸರ್ಕಾರಕ್ಕೆ, ಜಮಖಂಡಿಯವನು ಪಟವರ್ಧನರಿಗೆ. ವಿಲೀನದಲ್ಲಿ ಅರಸರು ಆಡಳಿತವನ್ನು ಪೂರ್ತಿ ಬಿಟ್ಟುಕೊಟ್ಟು, ಬದಲಿಗೆ ರಾಜಧನವನ್ನೂ ಖಾಸಗಿ ಆಸ್ತಿಯನ್ನೂ ಬಿರುದುಗಳನ್ನೂ ಉಳಿಸಿಕೊಂಡರು. ಆ ರಾಜಧನವನ್ನು 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿ ಕೊನೆಗಾಣಿಸಿತು.

ದಖ್ಖನ್ನಿನ ಅರಸರು ಸುಮ್ಮನೆ ಒಪ್ಪಿದವರಲ್ಲ. ಚಿಕ್ಕ ಚಿಕ್ಕ ಸಂಸ್ಥಾನಗಳು ಒಟ್ಟಾಗಿ ‘ಸಂಯುಕ್ತ ದಖ್ಖನ್ ಸಂಸ್ಥಾನ’ವೊಂದನ್ನು ಕಟ್ಟಿಕೊಂಡರೆ ಬದುಕಬಹುದು ಎಂಬ ಯೋಜನೆ 1947ರಲ್ಲಿ ಓಡಾಡಿತು, ಔಂಧ್, ಸಾಂಗ್ಲಿ, ರಾಮದುರ್ಗ ಮುಂತಾದವರು ಅದರಲ್ಲಿದ್ದರು. ಭೂಪಟ ನೋಡಿದವರಿಗೆ ಅದು ನಡೆಯುವ ಮಾತಲ್ಲ ಎಂದು ತಿಳಿಯುತ್ತಿತ್ತು. ಬಹುಮಟ್ಟಿಗೆ ಒಂದರ ಗಡಿ ಇನ್ನೊಂದಕ್ಕೆ ತಾಗುತ್ತಿರಲಿಲ್ಲ. ಕನ್ನಡ ಮಾತಾಡುವ ಪ್ರಜೆಗಳಿಗೆ ಮರಾಠಿ ಹಿಡಿತದ ಒಕ್ಕೂಟ ಬೇಡವಾಗಿತ್ತು. 1948ರ ಜನವರಿ 30ರಂದು ಗಾಂಧೀಜಿಯ ಹತ್ಯೆಯಾದ ಮೇಲೆ ದಕ್ಷಿಣ ಮಹಾರಾಷ್ಟ್ರದಲ್ಲಿ ಬ್ರಾಹ್ಮಣರ ಮನೆಗಳ ಮೇಲೆ ದಾಳಿಗಳು ನಡೆದವು. ಪಟವರ್ಧನರ ಸಂಸ್ಥಾನಗಳು ಬ್ರಾಹ್ಮಣ ಅರಸರವೇ ಆದ್ದರಿಂದ ಅಲ್ಲಿಯ ಆಡಳಿತ ಗಡಗಡ ನಡುಗಿತು. ಫೆಬ್ರವರಿಯಲ್ಲಿ ಒಪ್ಪಂದಗಳು ಆದವು. ಮಾರ್ಚ್ 8ಕ್ಕೆ ಅಧಿಕಾರ ಹಸ್ತಾಂತರವಾಯಿತು. ಅಂದು ಮುಂಬಯಿ ಪ್ರಾಂತದ ಪ್ರಧಾನಿ (ಈಗಿನ ಮಾತಿನಲ್ಲಿ ಮುಖ್ಯಮಂತ್ರಿ) ಬಾಳಾಸಾಹೇಬ ಗಂಗಾಧರ ಖೇರ್.

ಅಂದು ಹೋದವುಗಳಲ್ಲಿ ಮುಧೋಳ, ಜಮಖಂಡಿ ಅಲ್ಲದೆ ಸಾಂಗ್ಲಿ, ಮಿರಜ, ಕುರುಂದವಾಡ, ರಾಮದುರ್ಗ, ಸವಣೂರು, ಜತ್ತ, ಅಕ್ಕಲಕೋಟೆ, ಔಂಧ್, ಫಲ್ಟಣ, ಭೋರ್ ಇದ್ದವು. ಕೊಲ್ಹಾಪುರ ಇನ್ನೊಂದು ವರ್ಷ ಎಳೆದು 1949ರ ಮಾರ್ಚ್ 1ಕ್ಕೆ ಸೇರಿತು.

ಮುಧೋಳ ಸಂಸ್ಥಾನ ದೊಡ್ಡದೇನಲ್ಲ. 1901ರ ಗಣತಿಯ ಕಾಲಕ್ಕೆ ಅದರ ವಿಸ್ತಾರ 368 ಚದರ ಮೈಲಿ, ಜನಸಂಖ್ಯೆ 63,001. ಘಟಪ್ರಭೆಯ ಎಡಬಲದ ಕರಿನೆಲ, ಮುಧೋಳ ಪಟ್ಟಣ, ಬೆಲ್ಲದ ಪೇಟೆಗೆ ಹೆಸರಾದ ಮಹಾಲಿಂಗಪುರ, ಸುತ್ತಲ ಹಳ್ಳಿಗಳು, ಇಷ್ಟೇ. ಆದರೂ ಅರಸರಿಗೆ ಒಂಬತ್ತು ತೋಪುಗಳ ಗೌರವವಿತ್ತು. ಕೊನೆಯ ಅರಸ ಭೈರವಸಿಂಹರಾವ್ ಮಾಲೋಜಿರಾವ್ ಘೋರ್ಪಡೆ ಎಳೆಯ ವಯಸ್ಸಿನಲ್ಲೇ ಪಟ್ಟಕ್ಕೆ ಬಂದವರು. ತಂದೆ ಮಾಲೋಜಿರಾವ್ ಬೇಟೆನಾಯಿಗಳ ತಳಿಯನ್ನು ಹಟ ಹಿಡಿದು ಉಳಿಸಿದವರು. ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಅವರು ಕೊಟ್ಟ ನಾಯಿಗಳಿಂದಾಗಿ ಊರಿನ ಹೆಸರು ನಾಯಿಗೆ ಅಂಟಿತು. ಸಂಸ್ಥಾನ ಹೋಯಿತು, ಮುಧೋಳ ನಾಯಿ ಉಳಿಯಿತು. 2005ರಲ್ಲಿ ಅದರ ಚಿತ್ರದ ಅಂಚೆಚೀಟಿಯೂ ಬಂತು. ಹತ್ತನೆಯ ಶತಮಾನದ ಕವಿಚಕ್ರವರ್ತಿ ರನ್ನ ಹುಟ್ಟಿದ ನೆಲ ಎಂಬ ಹಿರಿಮೆ ಇದಕ್ಕೆಲ್ಲ ಮುಂಚಿನದು. ಅದಕ್ಕೆ ಘೋರ್ಪಡೆಯವರ ಹಂಗಿಲ್ಲ.

ಮುಧೋಳದ ಸೀಮೆಯಲ್ಲಿ ಜನ ನೆನಪಿಟ್ಟುಕೊಂಡ ತಾರೀಖು ಮಾರ್ಚ್ 8 ಅಲ್ಲ, ಡಿಸೆಂಬರ್ 11. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾಯಿದೆಗೆ ಮಣಿಯದೆ ಹಲಗಲಿಯ ಬೇಡರು ತಿರುಗಿ ನಿಂತರು. ಹಲಗಲಿ ಆಗ ಮುಧೋಳ ಸಂಸ್ಥಾನದ ಹಳ್ಳಿ. ನವೆಂಬರ್ ಕೊನೆಗೆ ಬ್ರಿಟಿಷರ ಸೈನ್ಯ ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ಕೆಲವರನ್ನು ಡಿಸೆಂಬರ್ 11ರಂದು ಮುಧೋಳದಲ್ಲೂ, ಜಡಗ, ಬಾಲ ಮೊದಲಾದವರನ್ನು ಡಿಸೆಂಬರ್ 14ರಂದು ಹಲಗಲಿಯಲ್ಲೂ ಗಲ್ಲಿಗೇರಿಸಿದರು. ಆ ದಂಗೆಯ ಲಾವಣಿಯನ್ನು ಶಾಸನತಜ್ಞ ಫ್ಲೀಟ್ ಬರೆದಿಟ್ಟುಕೊಂಡು ಪ್ರಕಟಿಸಿದ. ರಕ್ತ ಚೆಲ್ಲಿದ ದಿನಕ್ಕೆ ಹಾಡಿದೆ. ಕಾಗದದ ಮೇಲೆ ಸಹಿಯಾಗಿ ಸಂಸ್ಥಾನ ಖಾಲಸಾ ಆದ ದಿನಕ್ಕೆ ಯಾರು ಹಾಡು ಕಟ್ಟುತ್ತಾರೆ?

ಜಮಖಂಡಿ ಇನ್ನೂ ವಿಚಿತ್ರವಾದ ಸಂಸ್ಥಾನ. 1901ರಲ್ಲಿ ವಿಸ್ತಾರ 524 ಚದರ ಮೈಲಿ, ಜನ 1,05,357. ಆದರೆ ಈ ನೆಲ ಒಂದೇ ಕಡೆ ಇರಲಿಲ್ಲ. ನೂರು ಕಿಲೋಮೀಟರಿಗೂ ಹೆಚ್ಚು ದೂರದ, ಹುಬ್ಬಳ್ಳಿಯ ಪಕ್ಕದ ಕುಂದಗೋಳ ಜಮಖಂಡಿಯ ಅರಸರದು. ಸವಾಯಿ ಗಂಧರ್ವರು ಹುಟ್ಟಿದ, ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ ಗುರುವನ್ನು ಅರಸಿ ಬಂದ ಆ ಊರು ಅಂದು ಆಡಳಿತದ ಲೆಕ್ಕದಲ್ಲಿ ಧಾರವಾಡಕ್ಕೆ ಸೇರಿರಲಿಲ್ಲ. ಪಟವರ್ಧನರ ಮನೆ ಒಡೆದಂತೆ ಹಳ್ಳಿಗಳೂ ಹರಿದು ಹಂಚಿಹೋಗಿದ್ದರಿಂದ ಆದದ್ದು ಇದು. ನೆರೆಯ ರಬಕವಿ, ತೇರದಾಳ ಸಾಂಗ್ಲಿಯ ಪಟವರ್ಧನರ ಕೈಯಲ್ಲಿದ್ದವು. ಬೀಳಗಿ ಮಾತ್ರ ಬ್ರಿಟಿಷರ ನೇರ ಆಳ್ವಿಕೆಯ ಬಿಜಾಪುರ ಜಿಲ್ಲೆಯದು. ಇಂದು ಬಸ್ಸಿನಲ್ಲಿ ಒಂದು ಹಗಲಲ್ಲಿ ಸುತ್ತಿಬರಬಹುದಾದ ಜಮಖಂಡಿ, ಮುಧೋಳ, ರಬಕವಿ, ಬೀಳಗಿಗಳಲ್ಲಿ ಅಂದು ಮೂವರು ಅರಸರು, ಒಬ್ಬ ಕಲೆಕ್ಟರ್ ಆಳುತ್ತಿದ್ದರು. ಜನರ ಮಾತು ಕನ್ನಡ, ದರ್ಬಾರಿನದು ಮರಾಠಿ.

ಜಮಖಂಡಿಯ ಕೊನೆಯ ಅರಸ ಶಂಕರರಾವ್ ಪರಶುರಾಮರಾವ್ ಪಟವರ್ಧನ, ಜನರ ಬಾಯಲ್ಲಿ ಅಪ್ಪಾಸಾಹೇಬ.

ಮಾರ್ಚ್ 8ರ ನಂತರ ಮುಧೋಳ, ಜಮಖಂಡಿ ಬಿಜಾಪುರ ಜಿಲ್ಲೆಗೆ ಸೇರಿದವು; ರಾಮದುರ್ಗ ಬೆಳಗಾವಿಗೆ; ಕುಂದಗೋಳ, ಸವಣೂರು ಧಾರವಾಡಕ್ಕೆ. ಎಂಟು ವರ್ಷಗಳ ಮೇಲೆ ಈ ಜಿಲ್ಲೆಗಳು ಮುಂಬಯಿ ಬಿಟ್ಟು ಮೈಸೂರಿಗೆ ಬಂದವು. ಅದೇ ದಿನ, ಅದೇ ರೀತಿ ವಿಲೀನವಾದ ಜತ್ತ ಮತ್ತು ಅಕ್ಕಲಕೋಟೆಗೆ ಬೇರೆ ದಾರಿ ಸಿಕ್ಕಿತು. ಅಕ್ಕಲಕೋಟೆ ಸೊಲ್ಲಾಪುರ ಜಿಲ್ಲೆಯಲ್ಲೂ ಜತ್ತ ಇಂದಿನ ಸಾಂಗ್ಲಿ ಜಿಲ್ಲೆಯಲ್ಲೂ ಉಳಿದು, ಎರಡೂ ಮಹಾರಾಷ್ಟ್ರದ ಪಾಲಾದವು. ಈ ಎರಡೂ ತಾಲ್ಲೂಕುಗಳಲ್ಲಿ ಕನ್ನಡ ಶಾಲೆಗಳಿವೆ, ಮನೆಮಾತು ಕನ್ನಡವಾದ ಹಳ್ಳಿಗಳಿವೆ. ಕೃಷ್ಣೆಯ ನೀರು ಬಾರದ ಸಿಟ್ಟಿಗೆ ಜತ್ತದ ಹಳ್ಳಿಗಳು ‘ನಮ್ಮನ್ನು ಕರ್ನಾಟಕಕ್ಕೆ ಸೇರಿಸಿ’ ಎಂದು ನಿರ್ಣಯ ಮಾಡಿದ ಸುದ್ದಿ 2022ರ ಕೊನೆಗೆ ಎರಡೂ ರಾಜ್ಯಗಳ ವಿಧಾನಮಂಡಲಗಳಲ್ಲಿ ಗದ್ದಲಕ್ಕೆ ಕಾರಣವಾಯಿತು. ಸಂಸ್ಥಾನದ ಗಡಿ ಅಳಿಸುವುದು ಒಂದು ದಿನದ ಕೆಲಸ. ಯಾವ ಜಿಲ್ಲೆಗೆ ಯಾವ ಹಳ್ಳಿ ಎಂದು ಅಂದು ಕಚೇರಿಯಲ್ಲಿ ಎಳೆದ ಗೆರೆ ಇವತ್ತಿಗೂ ಜಗಳದ ಗೆರೆ.

1957: ಬಿ. ಜಿ. ಖೇರ್ ನಿಧನ

ಈ ತಾರೀಖಿನ ಅತ್ಯಂತ ಕುತೂಹಲದ ಜೋಡಣೆ ಇಲ್ಲಿದೆ. ಮಾರ್ಚ್ 8ರಂದು ದಖ್ಖನ್ನಿನ ಸಂಸ್ಥಾನಗಳ ಆಡಳಿತ ಯಾರ ಸರ್ಕಾರದ ಕೈಗೆ ಬಂತೋ ಆ ಖೇರ್ ತೀರಿಕೊಂಡದ್ದು ಸರಿಯಾಗಿ ಒಂಬತ್ತು ವರ್ಷಗಳ ಮೇಲೆ, 1957ರ ಮಾರ್ಚ್ 8ರಂದು. 1888ರಲ್ಲಿ ರತ್ನಾಗಿರಿಯಲ್ಲಿ ಹುಟ್ಟಿದ ಖೇರ್ ವೃತ್ತಿಯಿಂದ ವಕೀಲರು. 1937ರಿಂದ 39ರವರೆಗೆ, ಮತ್ತೆ 1946ರಿಂದ 52ರವರೆಗೆ ಮುಂಬಯಿ ಸರ್ಕಾರ ನಡೆಸಿದರು; ಆಮೇಲೆ ಲಂಡನ್ನಿನಲ್ಲಿ ಭಾರತದ ಹೈಕಮಿಷನರ್ ಆದರು. ಕನ್ನಡಿಗರಿಗೆ ಅವರ ಹೆಸರು ಇನ್ನೊಂದು ಕಾರಣಕ್ಕೂ ಸಂಬಂಧಪಟ್ಟದ್ದು: 1955ರಲ್ಲಿ ನೇಮಕವಾದ ರಾಜಭಾಷಾ ಆಯೋಗಕ್ಕೆ ಅವರೇ ಅಧ್ಯಕ್ಷರು. ಇಂಗ್ಲಿಷನ್ನು ಇಳಿಸಿ ಹಿಂದಿಯನ್ನು ಏರಿಸುವ ಬಗೆಗಿನ ಅದರ ಶಿಫಾರಸುಗಳಿಗೆ ಆಯೋಗದೊಳಗೇ ಭಿನ್ನಮತ ಬಂದಿತ್ತು.

ಖೇರ್ ಮತ್ತು ಜಮಖಂಡಿಯ ನಡುವಿನ ಕೊಂಡಿ ಬಸಪ್ಪ ದಾನಪ್ಪ ಜತ್ತಿ. 1912ರಲ್ಲಿ ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ ಹುಟ್ಟಿದ ಜತ್ತಿ ಜಮಖಂಡಿಯಲ್ಲೇ ವಕೀಲಿ ಮಾಡಿ, ಅಲ್ಲಿಯ ಪುರಸಭೆಯ ಅಧ್ಯಕ್ಷರಾಗಿ, ಸಂಸ್ಥಾನದ ಸರ್ಕಾರದಲ್ಲಿ ಮಂತ್ರಿಯಾಗಿ, ಕೊನೆಗೆ 1948ರಲ್ಲಿ ಅದರ ಮುಖ್ಯಮಂತ್ರಿಯಾದರು. ಮಾರ್ಚ್ 8 ಬಂತು, ಹುದ್ದೆಯೇ ಇಲ್ಲವಾಯಿತು. ಅವರು ಕರಿಕೋಟು ಹಾಕಿಕೊಂಡು ಮತ್ತೆ ಕೋರ್ಟಿಗೆ ಹೋದರು. ಸುಮಾರು ಇಪ್ಪತ್ತು ತಿಂಗಳ ಮೇಲೆ ವಿಲೀನ ಪ್ರದೇಶದ ಪ್ರತಿನಿಧಿಯಾಗಿ ಮುಂಬಯಿ ವಿಧಾನಸಭೆಗೆ ನಾಮಕರಣಗೊಂಡು, ವಾರದೊಳಗೆ ಖೇರ್ ಅವರ ಸಂಸದೀಯ ಕಾರ್ಯದರ್ಶಿಯಾದರು. ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ: 1958ರಿಂದ 62ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ, 1974ರಿಂದ 79ರವರೆಗೆ ಉಪರಾಷ್ಟ್ರಪತಿ, 1977ರಲ್ಲಿ ಫಖ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಐದೂವರೆ ತಿಂಗಳು ಹಂಗಾಮಿ ರಾಷ್ಟ್ರಪತಿ. ಜಮಖಂಡಿ ಸಂಸ್ಥಾನ ಉಳಿದಿದ್ದರೆ ಒಂದು ಲಕ್ಷ ಚಿಲ್ಲರೆ ಜನರ ಸರ್ಕಾರದಲ್ಲೇ ಮುಗಿಯಬಹುದಾಗಿದ್ದ ಬದುಕು ಅದು. ವಿಲೀನದಿಂದ ಕುರ್ಚಿ ಕಳೆದುಕೊಂಡವರಲ್ಲಿ ಇವರಷ್ಟು ಲಾಭ ಪಡೆದವರು ವಿರಳ.

1864: ಹರಿ ನಾರಾಯಣ ಆಪ್ಟೆ ಜನನ

ಈ ದಿನ ಹುಟ್ಟಿದವರಲ್ಲಿ ಕನ್ನಡ ಓದುಗರಿಗೆ ಹತ್ತಿರದವರು, ಅವರ ಹೆಸರು ಕೇಳದವರಿಗೂ ಹತ್ತಿರದವರು, ಮರಾಠಿ ಕಾದಂಬರಿಕಾರ ಹರಿ ನಾರಾಯಣ ಆಪ್ಟೆ. ಖಾನದೇಶದ ಪಾರೋಳದಲ್ಲಿ 1864ರ ಮಾರ್ಚ್ 8ರಂದು ಹುಟ್ಟಿ 1919ರಲ್ಲಿ ತೀರಿಕೊಂಡರು. ಕನ್ನಡದ ಕಾದಂಬರಿಕಾರ ಗಳಗನಾಥರು ಆಪ್ಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ತಲೆಮೇಲೆ ಪುಸ್ತಕದ ಗಂಟು ಹೊತ್ತು ಊರೂರಿಗೆ ಮಾರಿದರೆಂಬುದು ಉತ್ತರ ಕರ್ನಾಟಕದಲ್ಲಿ ಮನೆಮಾತು. ವಿಜಯನಗರದ ಪತನವನ್ನು ಕುರಿತ ಆಪ್ಟೆಯವರ ‘ವಜ್ರಾಘಾತ’ವೇ ಗಳಗನಾಥರ ‘ಕನ್ನಡಿಗರ ಕರ್ಮಕಥೆ’ಗೆ ಆಧಾರ. ಕನ್ನಡಿಗನ ಸ್ವಾಭಿಮಾನವನ್ನು ಕೆರಳಿಸಿ ಏಕೀಕರಣದ ತಲೆಮಾರನ್ನು ಬೆಳೆಸಿದ ಪುಸ್ತಕವೊಂದರ ಬೇರು ಮರಾಠಿಯಲ್ಲಿದೆ ಎಂದರೆ ಗಡಿಯಲ್ಲಿ ಘೋಷಣೆ ಕೂಗುವವರಿಗೆ ಇರಿಸುಮುರಿಸಾಗಬಹುದು. ಮುಧೋಳ, ಜಮಖಂಡಿಯಂಥ ಊರುಗಳಲ್ಲಿ ಎರಡೂ ಭಾಷೆಗಳನ್ನು ಓದಬಲ್ಲವರು ಆಗ ಧಾರಾಳವಾಗಿದ್ದರು.

ಇದೇ ತಾರೀಖಿಗೆ ಹುಟ್ಟಿದ ಇತರರಲ್ಲಿ ಯುರೇನಿಯಂ ಪರಮಾಣುವಿನ ವಿದಳನ ಕಂಡುಹಿಡಿದ ಜರ್ಮನ್ ರಸಾಯನ ವಿಜ್ಞಾನಿ ಓಟೋ ಹಾನ್ (1879) ಮತ್ತು ಉರ್ದು ಕವಿ, ಚಿತ್ರಗೀತಕಾರ ಸಾಹಿರ್ ಲುಧಿಯಾನ್ವಿ (1921) ಇದ್ದಾರೆ. ತೀರಿಕೊಂಡವರಲ್ಲಿ ಫ್ರಾನ್ಸಿನ ಸಂಗೀತಕಾರ ಬೆರ್ಲಿಯೋಸ್ (1869), ಆಕಾಶನೌಕೆಯ ಕೌಂಟ್ ಜೆಪ್ಪೆಲಿನ್ (1917).

ಹಳೆಯ ಶತಮಾನಗಳು

1535ರ ಮಾರ್ಚ್ 8ರಂದು ಗುಜರಾತಿನ ಬಹಾದುರ್ ಶಾಹನ ಮುತ್ತಿಗೆಗೆ ಚಿತ್ತೂರು ಕೋಟೆ ಬಿದ್ದು, ರಾಣಿ ಕರ್ಣಾವತಿಯೂ ಕೋಟೆಯ ಹೆಂಗಸರೂ ಜೌಹರ್ ಮಾಡಿಕೊಂಡರೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇದು ಹಳೆಯ ಜೂಲಿಯನ್ ಲೆಕ್ಕದ ತಾರೀಖು. ಮುಧೋಳಕ್ಕೂ ಚಿತ್ತೂರಿಗೂ ಏನು ಸಂಬಂಧ ಎಂದರೆ, ಘೋರ್ಪಡೆಯವರು ತಮ್ಮನ್ನು ಮೇವಾಡದ ಸಿಸೋದಿಯಾ ರಾಣರ ವಂಶದವರೆಂದು ಹೇಳಿಕೊಂಡು ಬಂದವರು. ಉಡದ (ಮರಾಠಿಯಲ್ಲಿ ‘ಘೋರ್ಪಡ’) ಸಹಾಯದಿಂದ ಕೋಟೆಗೋಡೆ ಹತ್ತಿದ ಪೂರ್ವಿಕನಿಗೆ ಬಹಮನಿ ಸುಲ್ತಾನ ಘೋರ್ಪಡೆ ಎಂಬ ಹೆಸರು ಕೊಟ್ಟನೆಂಬ ಕಥೆಯೂ ಇದೆ. ಇದಕ್ಕೆ ಆಧಾರವೆಂದು ಸಂಸ್ಥಾನ ತೋರಿಸಿದ ಫರ್ಮಾನುಗಳ ಸಾಚಾತನದ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಗಟ್ಟಿಯಾಗಿ ನಿಲ್ಲುವ ಇತಿಹಾಸ ಆಮೇಲಿನದು: ಆದಿಲಶಾಹಿಯ ಸರದಾರ ಬಾಜಿ ಘೋರ್ಪಡೆ 1648ರಲ್ಲಿ ಶಿವಾಜಿಯ ತಂದೆ ಶಹಾಜಿಯನ್ನು ಸೆರೆಹಿಡಿಯುವುದರಲ್ಲಿ ಕೈಜೋಡಿಸಿದ, ಆ ಸೇಡಿಗೆ ಮುಂದೆ ಶಿವಾಜಿಯ ದಾಳಿಯಲ್ಲಿ ಪ್ರಾಣ ಕಳೆದುಕೊಂಡ.

1618ರ ಮಾರ್ಚ್ 8ರಂದು ಕೆಪ್ಲರನಿಗೆ ಗ್ರಹಚಲನೆಯ ಮೂರನೆಯ ನಿಯಮ ಹೊಳೆಯಿತು. ಗಣಿತದಲ್ಲಿ ತಪ್ಪಿ ಅದನ್ನು ಬದಿಗಿಟ್ಟ. ಮೇ 15ಕ್ಕೆ ಮತ್ತೆ ಲೆಕ್ಕ ಹಾಕಿ ಸರಿಯೆಂದು ಒಪ್ಪಿದ. ವಿಜ್ಞಾನಿಯೇ ದಿನಾಂಕ ಬರೆದಿಟ್ಟಿದ್ದರಿಂದ ಇದು ಪಟ್ಟಿಯ ಅತಿ ನಂಬಲರ್ಹ ನಮೂದು.

ಮಹಿಳಾ ದಿನ

1910ರಲ್ಲಿ ಕೋಪನ್‌ಹೇಗನ್ನಿನ ಸಮಾಜವಾದಿ ಮಹಿಳೆಯರ ಸಮ್ಮೇಳನದಲ್ಲಿ ಕ್ಲಾರಾ ಜೆಟ್ಕಿನ್ ಮತ್ತು ಸಂಗಾತಿಗಳು ಇಂಥ ದಿನವೊಂದು ಬೇಕೆಂದು ಸೂಚಿಸಿದರು. ತಾರೀಖು ಗೊತ್ತುಮಾಡಿರಲಿಲ್ಲ. 1911ರಲ್ಲಿ ಯುರೋಪಿನಲ್ಲಿ ಮೊದಲು ಆಚರಿಸಿದ್ದು ಮಾರ್ಚ್ 19ಕ್ಕೆ. ಮಾರ್ಚ್ 8 ಗಟ್ಟಿಯಾಗಿ ನೆಲೆನಿಂತದ್ದು 1917ರಲ್ಲಿ, ಪೆಟ್ರೊಗ್ರಾಡಿನ ಬಟ್ಟೆ ಗಿರಣಿಗಳ ಹೆಣ್ಣಾಳುಗಳು ರೊಟ್ಟಿ ಕೇಳಿಕೊಂಡು ಬೀದಿಗಿಳಿದಾಗ. ರಷ್ಯದ ಹಳೆಯ ಪಂಚಾಂಗದಲ್ಲಿ ಅಂದು ಫೆಬ್ರವರಿ 23. ಅದಕ್ಕೇ ಅದು ‘ಫೆಬ್ರವರಿ ಕ್ರಾಂತಿ’. ವಾರದೊಳಗೆ ಜಾರ್ ದೊರೆ ಸಿಂಹಾಸನ ಬಿಟ್ಟ. ವಿಶ್ವಸಂಸ್ಥೆ ಈ ದಿನವನ್ನು 1975ರಿಂದ ಆಚರಿಸಿತು.

ನೂಲಿನ ಕೆಲಸದವರು ಎಬ್ಬಿಸಿದ ಈ ದಿನದ ಬಗ್ಗೆ ನೇಕಾರರ ಊರಾದ ರಬಕವಿ-ಬನಹಟ್ಟಿಯಲ್ಲಿ ಹೇಳಲು ವಿಷಯವಿದೆ. ಮಗ್ಗದ ಮುಂದೆ ಕೂತವನೊಬ್ಬನೇ ನೇಕಾರನೆಂದು ಲೆಕ್ಕಕ್ಕೆ ಬರುತ್ತಾನೆ. ಕಂಡಿಕೆ ಸುತ್ತುವುದು, ನೂಲು ತಿರುವುದು, ಹಾಸು ನೂಲನ್ನು ಸಜ್ಜು ಮಾಡುವುದು ಮನೆಯ ಹೆಂಗಸರ ಪಾಲು. ಸೀರೆಗೆ ಬಂದ ಕೂಲಿಯಲ್ಲಿ ಅದಕ್ಕೆ ಬೇರೆ ಬಾಬತ್ತು ಇರುವುದಿಲ್ಲ. ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದರೂ ಈ ಹಂಚಿಕೆ ಹೆಚ್ಚು ಬದಲಾಗಲಿಲ್ಲ.

ಶಾಸನಸಭೆಗಳಲ್ಲಿ ಮಹಿಳೆಯರಿಗೆ ಮೂರನೆಯ ಒಂದು ಪಾಲು ಸ್ಥಾನ ಕೊಡುವ ಮಸೂದೆಯನ್ನು 2010ರ ಮಾರ್ಚ್ 8ರಂದು ರಾಜ್ಯಸಭೆಯಲ್ಲಿ ಕೈಗೆತ್ತಿಕೊಂಡಾಗ ಗದ್ದಲವಾಗಿ, ಅಂಗೀಕಾರ ಮರುದಿನಕ್ಕೆ ಹೋಯಿತು. ಲೋಕಸಭೆಯಲ್ಲಿ ಅದು ಸತ್ತೇಹೋಯಿತು. 2023ರಲ್ಲಿ ಬೇರೆ ಮಸೂದೆಯಾಗಿ ಬಂದು ಪಾಸಾಯಿತು. ಪಂಚಾಯಿತಿಯಲ್ಲಿ ಹೆಂಗಸರಿಗೆ ಶೇ. 25 ಸ್ಥಾನ ಮೀಸಲಿಟ್ಟ ಕಾನೂನನ್ನು ಕರ್ನಾಟಕ 1983ರಲ್ಲೇ ಮಾಡಿತ್ತು.

ಇತರ ನಮೂದುಗಳು

ಸಂಸ್ಥಾನಗಳು ಮುಂಬಯಿಗೆ ಸೇರಿದ 1948ರ ಮಾರ್ಚ್ 8ರಂದೇ ಮುಂಬಯಿ ನಗರದಲ್ಲಿ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಕಂಪನಿ ನೋಂದಣಿಯಾಯಿತು. ಟಾಟಾ ಕಂಪನಿಯೊಡನೆ ಸರ್ಕಾರಕ್ಕೂ ಅದರಲ್ಲಿ ಪಾಲಿತ್ತು. ಮೂರು ತಿಂಗಳಿಗೆ, ಜೂನ್ 8ರಂದು, ಮೊದಲ ವಿಮಾನ ‘ಮಲಬಾರ್ ಪ್ರಿನ್ಸೆಸ್’ ಲಂಡನ್ನಿಗೆ ಹಾರಿತು. 1942ರ ಇದೇ ದಿನ ಜಪಾನಿನ ಸೈನ್ಯ ರಂಗೂನ್ ಹೊಕ್ಕಿತು. 1971ರಲ್ಲಿ ನ್ಯೂಯಾರ್ಕಿನಲ್ಲಿ ಜೋ ಫ್ರೇಜಿಯರ್ ಹದಿನೈದು ಸುತ್ತು ಗುದ್ದಾಡಿ ಮುಹಮ್ಮದ್ ಅಲಿಯನ್ನು ಸೋಲಿಸಿದ. 2014ರಲ್ಲಿ ಕ್ವಾಲಾಲಂಪುರದಿಂದ ಬೀಜಿಂಗಿಗೆ ಹೊರಟ ಮಲೇಷಿಯಾ ವಿಮಾನ 239 ಜನರೊಂದಿಗೆ ಕಾಣೆಯಾಯಿತು.

2018ರ ಮಾರ್ಚ್ 8ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಬೆಂಗಳೂರಿನಲ್ಲಿ ಕರ್ನಾಟಕಕ್ಕೆಂದು ಅಧಿಕೃತ ಬಾವುಟದ ವಿನ್ಯಾಸವನ್ನು ಅನಾವರಣ ಮಾಡಿದರು. ಹಳದಿ, ಬಿಳಿ, ಕೆಂಪು ಪಟ್ಟಿ, ನಡುವೆ ಗಂಡಭೇರುಂಡದ ರಾಜ್ಯಲಾಂಛನ. 1960ರ ದಶಕದಲ್ಲಿ ಮ. ರಾಮಮೂರ್ತಿ ರೂಪಿಸಿದ ಹಳದಿ-ಕೆಂಪು ಬಾವುಟಕ್ಕೆ ಒಗ್ಗಿದ್ದ ಸಂಘಟನೆಗಳಲ್ಲಿ ಕೆಲವು ನಡುವಿನ ಬಿಳಿಯನ್ನು ಒಪ್ಪಲಿಲ್ಲ. ಚುನಾವಣೆ ಎರಡು ತಿಂಗಳಲ್ಲಿತ್ತು. ವಿನ್ಯಾಸ ಕೇಂದ್ರಕ್ಕೆ ಹೋಯಿತು, ಒಪ್ಪಿಗೆ ಬರಲಿಲ್ಲ. ಮುಧೋಳದ ರಾಜ್ಯೋತ್ಸವದಲ್ಲೂ ಬೆಂಗಳೂರಿನದರಲ್ಲೂ ಏರುವುದು ಹಳೆಯ ಎರಡು ಬಣ್ಣದ್ದೇ.

2024ರಲ್ಲಿ ಈ ದಿನ ಶುಕ್ರವಾರ, ಮಹಾಶಿವರಾತ್ರಿ. ಅಂದು ಲೇಖಕಿ ಸುಧಾ ಮೂರ್ತಿ ಅವರನ್ನು ರಾಷ್ಟ್ರಪತಿಗಳು ರಾಜ್ಯಸಭೆಗೆ ನಾಮಕರಣ ಮಾಡಿದರು. ಅವರು 1950ರಲ್ಲಿ ಹುಟ್ಟಿದ ಶಿಗ್ಗಾಂವಿಯ ನೆರೆಯ ಊರು ಸವಣೂರು. ನವಾಬರ ಆ ಪುಟ್ಟ ಸಂಸ್ಥಾನವೂ 1948ರ ಮಾರ್ಚ್ 8ರ ಪಟ್ಟಿಯಲ್ಲಿತ್ತು.